ಪಾಸಾದ ಗಾಡಿ

ಆ ಶನಿವಾರ ಬೆಳಿಗ್ಗೆ ಹಣೆಗೆ ವಿಭೂತಿ ಎಳೆದುಕೊಳ್ಳುತ್ತ ಶೇಖರಪ್ಪ ದೇವರನ್ನು ಬೇಡಿಕೊಂಡದ್ದು ಒಂದೇ: ಗಾಡಿ ಈ ಸಲವೂ ಫೇಲಾಗಲಿ. ಬೇಡಿಕೊಂಡ ಮೇಲೆ ನಾಚಿಕೆಯಾಯಿತು. ಅದೇ ದೇವರ ಮುಂದೆ, ಅವನಿಗಿಂತ ಮೊದಲೇ ಎದ್ದು ಮಿಂದು, ಹೆಂಡತಿ ಜಯದೇವಿ ಹೊಗೆ ಪರೀಕ್ಷೆ ಪಾಸಾಗಲೆಂದು ತುಪ್ಪದ ದೀಪ ಹಚ್ಚಿಟ್ಟಿದ್ದಳು. ಗಂಡನ ಮಾತು ಕೇಳುವುದೋ ಹೆಂಡತಿಯ ಮಾತು ಕೇಳುವುದೋ ಎಂಬ ಇಕ್ಕಟ್ಟಿಗೆ ಸಿಕ್ಕಿದ ಯಾವ ದೇವರೂ ಕೊನೆಗೆ ಹೆಂಡತಿಯ ಕಡೆಗೇ ವಾಲುತ್ತಾನೆ ಎಂಬುದು ಇಷ್ಟು ವರ್ಷದ ಸಂಸಾರದಲ್ಲಿ ಅವನಿಗೆ ಗೊತ್ತಾಗಿತ್ತು. ಆದರೂ ಬೇಡಿಕೊಂಡ. ಒಳಕೋಣೆಯಲ್ಲಿ ಮಗಳು ಶಿವಾನಿ ಮಗ್ಗುಲು ಬದಲಿಸಿದಳು. ಕೈತುಂಬ ತೊಟ್ಟ ಹಸಿರು ಬಳೆಗಳ ಸದ್ದು ಕೇಳಿತು. ತುಂಬಿದ ಬಸುರಿ, ಚೊಚ್ಚಲು. ಇನ್ನು ಯಾವ ದಿನವಾದರೂ ಆಗಬಹುದು ಎಂದು ಡಾಕ್ಟರು ಹೇಳಿದ್ದರು. ಯಾವ ದಿನವಾದರೂ ಎಂದರೆ ಯಾವ ಹೊತ್ತಿನಲ್ಲಾದರೂ. ಯಾವ ಹೊತ್ತಿನಲ್ಲಾದರೂ ಎಂದರೆ ಶೇಖರಪ್ಪ ಎದ್ದು, ಪ್ಯಾಂಟು ತೊಟ್ಟು, ಫಿಯಟ್ ಹೊರಡಿಸಿ, ನೋವು ತಿನ್ನುವ ಮಗಳನ್ನು ಹಿಂದೆ ಕೂರಿಸಿಕೊಂಡು ಇಂದಿರಾನಗರದಿಂದ ಫ್ರೇಜರ್ ಟೌನಿನ ಆಸ್ಪತ್ರೆಯವರೆಗೆ ಓಡಿಸಬೇಕು. ಇದನ್ನು ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಚೊಚ್ಚಲ ಹೆರಿಗೆ ತವರಿನದು, ತವರಿನಲ್ಲಿ ಕಾರಿದೆ, ಕಾರು ಓಡಿಸಲು ಅಪ್ಪ ಇದ್ದಾನೆ. ಇದರಲ್ಲಿ ತೀರ್ಮಾನಿಸುವುದೇನಿದೆ? ಅಳಿಯ ಕೇದಾರನ ಬಳಿ ಇದ್ದದ್ದು ಒಂದು ಸ್ಕೂಟರು. ಅದರ ಮಾತನ್ನು ಯಾರೂ ಎತ್ತುವಂತಿರಲಿಲ್ಲ.

ಹೋದ ವಾರ ಹಲಸೂರಿನ ಪೆಟ್ರೋಲ್ ಬಂಕಿನಲ್ಲಿ ಪರೀಕ್ಷೆಯ ಮುನಿಶಾಮಿ ಸೈಲೆನ್ಸರಿನೊಳಗೆ ಕೊಳವೆ ತೂರಿಸಿ, ಯಂತ್ರ ನೋಡಿ, ಮೂಗು ಮುಚ್ಚಿಕೊಂಡು, "ಇದು ಕಾರಲ್ಲ ಸಾರ್, ಸೀಮೆಎಣ್ಣೆ ಸ್ಟೌವು" ಎಂದಾಗ ಶೇಖರಪ್ಪನಿಗೆ ಅವನನ್ನು ತಬ್ಬಿಕೊಳ್ಳಬೇಕು ಎನ್ನಿಸಿತ್ತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದು, ಬೂಟು ಬಿಚ್ಚುತ್ತ, ಆದಷ್ಟು ಬೇಸರದ ದನಿಯಲ್ಲಿ, "ಹಳೀ ಗಾಡಿ ಜಯಾ. ಸಾಕಾತು ಅದಕ್ಕೂ. ಒಂದು ಟ್ಯಾಕ್ಸಿ ಗೊತ್ತು ಮಾಡಿಡೂಣು" ಎಂದಿದ್ದ. ಜಯದೇವಿ ಶುಂಠಿ ಜಜ್ಜುತ್ತಿದ್ದವಳು ಕಲ್ಲು ಕೆಳಗಿಟ್ಟಳು. ಊರು ಬಿಟ್ಟು ಎಷ್ಟು ಕಾಲವಾದರೂ ರಾಣೆಬೆನ್ನೂರು ಅವಳ ನಾಲಗೆಯನ್ನು ಬಿಟ್ಟಿರಲಿಲ್ಲ. "ಮನಿ ಮುಂದ ಗಾಡಿ ಇಟ್ಕೊಂಡು ಬಾಡಿಗಿ ಗಾಡ್ಯಾಗ ಮಗಳನ್ನ ಕಳಸೂದೇನ್ರೀ? ಅವ ಹೊತ್ತಿಗೆ ಸರಿಯಾಗಿ ಬರ್ಲಿಲ್ಲಂದ್ರ? ಮೆಕ್ಯಾನಿಕ್ ಅಕ್ತರ್ ಕೈಗೆ ಒಂದ್ಸಲ ಕೊಡೂಣು. ಆಗ್ಲೂ ಪಾಸಾಗ್ಲಿಲ್ಲಂದ್ರ ಗುಜರಿಗೆ ಹಾಕ್ರಿ, ಟ್ಯಾಕ್ಸಿನ ಗತಿ." ಸರ್ಟಿಫಿಕೇಟ್ ಇಲ್ಲದೆ ಹೊರಡುವ ಮಾತೇ ಇರಲಿಲ್ಲ. ಆ ದಿನಗಳಲ್ಲಿ ಹಳೆಯ ಮದ್ರಾಸ್ ರಸ್ತೆಯ ಉದ್ದಕ್ಕೂ ಪೊಲೀಸರು ಹಳೆ ಗಾಡಿ ಕಂಡರೆ ಕೈ ಅಡ್ಡ ಹಾಕುತ್ತಿದ್ದರು. ಮಗಳು ನರಳುತ್ತಿರುವಾಗ ಹೊಗೆಯ ಚೀಟಿ ಎಲ್ಲಿ ಎಂದು ಕೇಳಿದರೆ ಏನು ಗತಿ ಎಂಬ ಚಿಂತೆ ಅವಳನ್ನು ಹಿಡಿದಿತ್ತು. ಶೇಖರಪ್ಪ ಆ ವಾರವೆಲ್ಲ ಅವಳ ಕೊನೆಯ ಮಾತಿಗೆ ಜೋತುಬಿದ್ದು ಕಳೆದಿದ್ದ. ಗುಜರಿಗೆ ಹಾಕ್ರಿ. ಆಫೀಸಿನಲ್ಲಿ ಫೈಲು ತೆರೆದಾಗ, ಕ್ಯಾಂಟೀನಿನಲ್ಲಿ ಚಹ ಕುಡಿಯುವಾಗ ಅದನ್ನೇ ಒಳಗೊಳಗೆ ಹೇಳಿಕೊಂಡ. ಕಾರು ತಾನಾಗಿ ಸತ್ತರೆ ಅವನು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ.

ಹೇಳಬೇಕಾದ್ದೇನು ಎಂದರೆ ಅದಕ್ಕೆ ಅವನಲ್ಲಿ ಸರಿಯಾದ ಶಬ್ದವೂ ಇರಲಿಲ್ಲ. ನಿದ್ದೆಯಲ್ಲ, ಮರೆವಲ್ಲ. ಲಿಂಗರಾಜಪುರದ ಬೀಗರ ಮನೆಯಲ್ಲಿ ಕುಬಸ, ಎಂದರೆ ಸೀಮಂತ, ಮುಗಿಸಿ ಮಗಳನ್ನು ತವರಿಗೆ ಕರೆತರುವ ದಿನ. ಬುತ್ತಿಯ ಪಾತ್ರೆಗಳು, ನೆಂಟರು, ಜಯದೇವಿ ಎಲ್ಲ ಬಾಡಿಗೆಯ ವ್ಯಾನಿನಲ್ಲಿ ಮುಂದೆ ಹೋಗಿದ್ದರು; ಫಿಯಟ್ಟಿನಲ್ಲಿ ಅವನು, ಹಿಂದೆ ಹಸಿರು ಸೀರೆಯಲ್ಲಿ ಶಿವಾನಿ. ಅವಳು ಮುಡಿದ ದಂಡೆಯ ಮಲ್ಲಿಗೆ ವಾಸನೆ. ಹಲಸೂರು ಕೆರೆಯ ಪಕ್ಕದಲ್ಲಿ ನೀರು ಬಿಸಿಲಿಗೆ ಹೊಳೆಯುತ್ತಿತ್ತು, ಕಂಬಿಯ ಬೇಲಿ ಒಂದೇ ಸಮನೆ ಹಿಂದಕ್ಕೆ ಓಡುತ್ತಿತ್ತು, ಅಡುಗೆಯವನು ಹೋಳಿಗೆ ಚೆನ್ನಾಗಿ ಮಾಡಿದ್ದ ಎಂದು ಅವನು ಯೋಚಿಸುತ್ತಿದ್ದ. ಆಮೇಲೆ ಎಳನೀರಿನವನೊಬ್ಬ ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿಯುತ್ತಿದ್ದ. ನಡುವೆ ಏನೂ ಇರಲಿಲ್ಲ. ಕತ್ತಲೆಯಿತ್ತು ಎಂದಾದರೂ ಹೇಳಬಹುದಿತ್ತು, ಅದೂ ಇರಲಿಲ್ಲ. ಮುಂದಿನ ಚಕ್ರ ಫುಟ್‌ಪಾತಿನ ಮೇಲೆ ಏರಿತ್ತು, ಇಂಜಿನ್ ಆರಿತ್ತು, ಕೆರೆಯ ಬೇಲಿ ಎದುರಿಗೇ ಇತ್ತು. "ಕುಡ್ದಿದೀಯಾ ಯಜಮಾನ?" ಎಂದು ಎಳನೀರಿನವನು ಕೇಳಿದ. ಶೇಖರಪ್ಪ ಕನ್ನಡಿಯಲ್ಲಿ ಹಿಂದೆ ನೋಡಿದ. ಶಿವಾನಿಯ ತಲೆ ಸೀಟಿಗೆ ಒರಗಿತ್ತು, ಕಣ್ಣು ಮುಚ್ಚಿತ್ತು. ನಿದ್ದೆ ಮಾಡುತ್ತಿದ್ದಾಳೆ, ಸದ್ಯ, ನಿದ್ದೆ ಮಾಡುತ್ತಿದ್ದಾಳೆ. ಗಾಡಿಯನ್ನು ಹಿಂದಕ್ಕೆ ತೆಗೆದು, ಎತ್ತಿನಬಂಡಿಯ ನಡಿಗೆಯಲ್ಲಿ ಮನೆಗೆ ಬಂದ. ಆರತಿ ಹಿಡಿದು ನಿಂತಿದ್ದ ಜಯದೇವಿ, "ಇಷ್ಟ್ಯಾಕ ತಡಾ?" ಎಂದಳು. ಟ್ರಾಫಿಕ್ ಎಂದ. ಅದೊಂದು ಶಬ್ದ ಬೆಂಗಳೂರಿನಲ್ಲಿ ಯಾವ ಸುಳ್ಳಿಗೂ ಒದಗುತ್ತದೆ.

ಭಯಕ್ಕೆ ಒಂದು ಹೆಸರು ಇಲ್ಲದಿದ್ದರೆ ಅವನು ತಾಳಿಕೊಳ್ಳುತ್ತಿದ್ದನೋ ಏನೋ. ಹೆಸರು ಇತ್ತು. ಗುರುಪಾದ ಕಾಕಾ, ಅವನ ಅಪ್ಪನ ತಮ್ಮ. ರಾಣೆಬೆನ್ನೂರಿನ ಹತ್ತಿ ಅಡತಿ ಅಂಗಡಿಯ ಮುಂದೆ ಕಾಕಾ ನಿಂತಲ್ಲೇ ಕಣ್ಣು ಮೇಲೆ ಮಾಡಿ ಬೀಳುತ್ತಿದ್ದ. ಜನ "ಕಬ್ಬಿಣ, ಕಬ್ಬಿಣ" ಎಂದು ಕೂಗುತ್ತಿದ್ದರು. ಚಡ್ಡಿ ಹಾಕಿದ ಶೇಖರ ಓಡಿಹೋಗಿ ಅಂಗಡಿಯ ಕೀಲಿಗೊಂಚಲು ತರುತ್ತಿದ್ದ, ದೊಡ್ಡವರು ಅದನ್ನು ಕಾಕಾನ ಮುಷ್ಟಿಗೆ ತುರುಕುತ್ತಿದ್ದರು. ಸೆಟೆದ ಬೆರಳುಗಳು ಕೀಲಿಯನ್ನು ಹಿಡಿಯುತ್ತಿದ್ದ ಬಗೆ ಅವನಿಗೆ ಇಂದಿಗೂ ಕನಸಿಗೆ ಬರುತ್ತದೆ. ಕಾಕಾನಿಗೆ ಮದುವೆಯಾಗಲಿಲ್ಲ. ಆ ಮನೆಯ ಹೆಣ್ಣುಮಕ್ಕಳಿಗೆ ಗಂಡು ಹುಡುಕುವಾಗ ಊರ ಜನ ದನಿ ತಗ್ಗಿಸಿ ಏನೋ ಹೇಳುತ್ತಿದ್ದರು. ಈಗ ಶಿವಾನಿಯ ಅತ್ತೆಮನೆಯವರು ಒಳ್ಳೆಯವರೇ, ಆದರೆ ಎಷ್ಟು ಒಳ್ಳೆಯವರು? ಹುಟ್ಟುವ ಕೂಸು ಒಂದು ಸಲ ಕಣ್ಣು ಮೇಲೆ ಮಾಡಿದರೆ ಸಾಕು, ಇದು ಆ ಕಡೆಯಿಂದ ಬಂದದ್ದು ಎಂದು ಬೆರಳು ತೋರಿಸುತ್ತಾರೆ. ಕುಕ್ ಟೌನಿನಲ್ಲಿ ಗುರುತಿನವರು ಯಾರೂ ಹೋಗದ ಒಬ್ಬ ಡಾಕ್ಟರನ್ನು ಹುಡುಕಿಕೊಂಡು ಶೇಖರಪ್ಪ ಒಂದು ಸಂಜೆ ಹೋಗಿದ್ದ. ಹಳೆಯ ಬಂಗಲೆ, ವರಾಂಡದಲ್ಲಿ ಬೆತ್ತದ ಕುರ್ಚಿಗಳು, ಗೋಡೆಯ ಮೇಲೆ ಮೆದುಳಿನ ಬಣ್ಣದ ಚಿತ್ರ. ತನ್ನ ಹೆಸರು ಕೂಗುವ ಮೊದಲೇ ಎದ್ದು, ಯಾರೋ ಕರೆದರು ಎನ್ನುವವನ ಹಾಗೆ ಗೇಟು ದಾಟಿ ಬಂದುಬಿಟ್ಟ. ಅವನ ಕಸುಬೇ ಅವನ ಗಂಟಲು ಹಿಡಿದಿತ್ತು. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೂತು, ರೋಗ ಮುಚ್ಚಿಟ್ಟು ಪಾಲಿಸಿ ಮಾಡಿಸಿದವರನ್ನು ಹಿಡಿದು ಹಾಕುವುದೇ ಅವನ ಇಡೀ ಸರ್ವೀಸು. ಕೆ.ಆರ್. ಪುರದ ಮುನಿನಾರಾಯಣಪ್ಪ ಎಂಬ ಲಾರಿ ಡ್ರೈವರಿಗೆ ಮೂರ್ಛೆ ಇತ್ತೆಂದು ಆಸ್ಪತ್ರೆಯ ಕಾಗದದಿಂದ ಪತ್ತೆಹಚ್ಚಿ ಕ್ಲೇಮು ತಿರಸ್ಕರಿಸಿದವನು ಅವನೇ. ಮುನಿನಾರಾಯಣಪ್ಪನ ಹೆಂಡತಿ ಮೇಜಿನ ಅಂಚು ಹಿಡಿದು ನಿಂತು, ಅಳದೆ, ಜಗಳವಾಡದೆ, "ನಂಗೂ ಹೇಳಿರ್ಲಿಲ್ಲ ಸಾರ್ ಅವ್ರು" ಎಂದಿದ್ದಳು. ನಂಗೂ ಹೇಳಿರ್ಲಿಲ್ಲ. ಅವಳಿಗೆ ದುಡ್ಡಿಗಿಂತ ಅದೇ ಹೆಚ್ಚು ಕೊರೆಯುತ್ತಿತ್ತೆಂದು ಆಗ ಅವನಿಗೆ ಹೊಳೆದಿರಲಿಲ್ಲ.

ಬಾಣಂತಿಗೆ ಎಣ್ಣೆನೀರು ಹಾಕಲು ಗೊತ್ತು ಮಾಡಿದ್ದ ಯಂಕಮ್ಮನನ್ನು ಶಿವಾನಿಯ ಜೊತೆಗೆ ಬಿಟ್ಟು ಗಂಡಹೆಂಡಿರು ಆಟೋದಲ್ಲಿ ಶಿವಾಜಿನಗರಕ್ಕೆ ಹೋದರು. ಅಕ್ತರನ ಗ್ಯಾರೇಜು ಎಂದರೆ ಒಂದು ಗಲ್ಲಿ. ಗಲ್ಲಿಯ ಎರಡು ಬದಿಗೂ ಬಿಚ್ಚಿಹಾಕಿದ ಗಾಡಿಗಳು, ನಡುವೆ ಕೋಳಿಗಳು, ಮಸೀದಿಯ ಗೋಡೆಗೆ ಒರಗಿಸಿಟ್ಟ ಬಾಗಿಲುಗಳು. ಇಂಜಿನ್ ಸತ್ತಿದೆ ಸಾರ್ ಎಂದು ಅಕ್ತರ್ ಕೈಚೆಲ್ಲಿ ನಿಂತಿರುತ್ತಾನೆ ಎಂದು ಶೇಖರಪ್ಪ ದಾರಿಯುದ್ದಕ್ಕೂ ಕಲ್ಪಿಸಿಕೊಂಡು ಬಂದಿದ್ದ. ಅಕ್ತರ್ ನಗುತ್ತ ನಿಂತಿದ್ದ. ಫಿಯಟ್ಟನ್ನು ತೊಳೆದು ಮದುಮಗನ ಹಾಗೆ ಗಲ್ಲಿಯ ಬಾಯಲ್ಲಿ ನಿಲ್ಲಿಸಿದ್ದ. "ಕಾರ್ಬೊರೇಟರ್ ಪೂರಾ ಕಿಲೀನ್ ಮಾಡ್ದೆ ಸಾರ್. ಪ್ಲಗ್ ಹೊಸದು, ಫಿಲ್ಟರ್ ಹೊಸದು. ಮೇಡಂ ಫೋನ್ ಮಾಡಿ ಮಗಳ ವಿಷಯ ಹೇಳಿದ್ರು. ಬೇಟಿ ಹೋಗೋ ಗಾಡಿ ಅಂದ್ರೆ ಸುಮ್ನೇನಾ ಸಾರ್? ಮಗು ಉಸ್ರಾಟದ್ ತರ ಹೊಗೆ ಬರುತ್ತೆ ನೋಡಿ." ಅವನು ಕೀಲಿ ತಿರುಗಿಸಿದ. ಇಂಜಿನ್ ಒಂದೇ ಏಟಿಗೆ ಹಿಡಿದುಕೊಂಡಿತು, ಬೆಕ್ಕಿನ ಹಾಗೆ ಗುರುಗುಟ್ಟಿತು. ಇಷ್ಟು ವರ್ಷ ಬೈದರೂ ಅತ್ತರೂ ಹೀಗೆ ಓಡಿರದ ಗಾಡಿ ಈ ಒಂದು ವಾರದಲ್ಲಿ ತನ್ನ ಮೇಲೆ ಹಗೆ ಸಾಧಿಸುತ್ತಿದೆ ಎಂದು ಶೇಖರಪ್ಪನಿಗೆ ಅನ್ನಿಸಿತು. ಜಯದೇವಿ ಅಕ್ತರನಿಗೆ ಹತ್ತು ಸಲ ಒಳ್ಳೇದಾಗಲಿ ಎಂದಳು. ಹೊರಡುವ ಮುಂಚೆ ಅಕ್ತರ್ ಏನೋ ನೆನಪಾದವನಂತೆ ಅಂಗಿಯ ಜೇಬಿಗೆ ಕೈಹಾಕಿ, "ಹಿಂದಿನ ಸೀಟ್ ಕೆಳ್ಗೆ ಸಿಕ್ತು ಸಾರ್, ಯಾರ ಕೈಗಾದ್ರೂ ಚುಚ್ಚೀತು" ಎಂದು ಅವನ ಅಂಗೈಯಲ್ಲಿ ಇಟ್ಟದ್ದು ಒಡೆದ ಹಸಿರು ಬಳೆಯ ಚೂರು. ಜಯದೇವಿ ಆಗ ಆಚೆ ಕಡೆಯ ಬಾಗಿಲು ತೆಗೆಯುತ್ತಿದ್ದಳು. ಶೇಖರಪ್ಪ ಮುಷ್ಟಿ ಮುಚ್ಚಿ ಚೂರನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಕುಬಸದ ಬಳೆ ಒಡೆಯಬಾರದು. ಒಡೆಯಬೇಕಾದರೆ ಕೈ ಎಲ್ಲಿಗೋ ಬಡಿದಿರಬೇಕು, ಮುಂದಿನ ಸೀಟಿನ ಕಂಬಿಗೆ ಬಡಿದಿರಬೇಕು. ಬಡಿದರೆ ಯಾರಾದರೂ ನಿದ್ದೆ ಮಾಡುತ್ತಲೇ ಇರುತ್ತಾರೆಯೇ? ಆ ಪ್ರಶ್ನೆಯನ್ನು ಅವನು ಅಲ್ಲಿಗೇ ಬಿಟ್ಟು ಗೇರು ಹಾಕಿದ.

ಎಚ್ಚರವಾಗಿರುವುದನ್ನು ತನಗೇ ರುಜುವಾತು ಮಾಡಿಕೊಳ್ಳಲು ಅವನು ಒಂದು ಉಪಾಯ ಕಂಡುಕೊಂಡಿದ್ದ. ದಾರಿಯ ಬೋರ್ಡುಗಳನ್ನು ಒಂದೂ ಬಿಡದೆ ಓದುವುದು. ಓದಿದ್ದರ ನಡುವೆ ಸಂದು ಇಲ್ಲದಿದ್ದರೆ ತಾನು ಇದ್ದೇನೆ ಎಂದು ಅರ್ಥ. ಹಾಸಿಗೆ ಅಂಗಡಿ, ಕನ್ನಡಕದ ಅಂಗಡಿ, ಬಿರಿಯಾನಿ ಹೋಟೆಲು, ತಮಿಳಿನಲ್ಲಿ ಏನೋ ಬರೆದ ಚರ್ಚಿನ ಫಲಕ, ಹಳೇ ಪೇಪರ್ ಕೊಳ್ಳಲಾಗುವುದು. ಅಂಗೈ ಬೆವರಿ ಸ್ಟಿಯರಿಂಗು ಜಾರುತ್ತಿತ್ತು. ಬಸ್ಸೊಂದು ಹಿಂದಿನಿಂದ ಹಾರ್ನ್ ಹೊಡೆದಾಗ ಅವನ ಕಾಲು ತಾನಾಗಿ ಬ್ರೇಕ್ ಒತ್ತಿತು. "ಏನ್ರೀ ಅದು ಗೊಣಗೂದು? ಮಂತ್ರ ಹೇಳಾಕತ್ತೀರೇನು?" ಎಂದಳು ಜಯದೇವಿ. ಅವಳ ತೊಡೆಯ ಮೇಲಿದ್ದ ಚೀಲದಲ್ಲಿ ಮಾರ್ಕೆಟ್ಟಿನಿಂದ ತಂದ ಒಣ ಖರ್ಜೂರ, ಕೊಬ್ಬರಿ, ಮೆತ್ತನೆ ಬಿಳಿ ಬಟ್ಟೆ. ಕೂಸಿಗೆ ಟೊಪ್ಪಿಗೆ ಹೊಲಿಯಲು ಆ ಬಟ್ಟೆ ಎಂದು ಹೇಳುತ್ತಿದ್ದಳು, ತಾನು ಹೊಲಿದ ಮೊದಲ ಟೊಪ್ಪಿಗೆ ಶಿವಾನಿಯ ತಲೆಗೆ ಹಿಡಿಸಿರಲಿಲ್ಲ ಎಂದು ಹೇಳುತ್ತಿದ್ದಳು, ಮತ್ತು ಆ ಹಳೆಯ ನಗು ನಗುತ್ತಿದ್ದಳು. ಈಗ ಹೇಳಬಹುದು. ಗಾಡಿ ಬದಿಗೆ ನಿಲ್ಲಿಸಿ, ಜಯಾ, ಒಂದ್ ಮಾತು, ಎಂದರೆ ಆಯಿತು. ಕೆರೆ ಬಂತು. ಅದೇ ಬೇಲಿ, ಅದೇ ನೀರು, ಅದೇ ಎಳನೀರಿನವನು ಬುಟ್ಟಿಗೆ ನೀರು ಚಿಮುಕಿಸುತ್ತಿದ್ದ. ಗುರುತು ಹಿಡಿದಾನೆಂದು ಶೇಖರಪ್ಪ ಮುಖ ಆಚೆ ತಿರುಗಿಸಿದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಮುಖ ತಿರುಗಿಸಿದ್ದರಿಂದ ಒಂದು ಬೋರ್ಡು ತಪ್ಪಿತು. ಆ ತಪ್ಪಿದ ಬೋರ್ಡು ತಾನು ನೋಡದೆ ಬಿಟ್ಟದ್ದೋ ಅಥವಾ ತಾನೇ ಇರಲಿಲ್ಲವೋ ಎಂದು ಗೊತ್ತಾಗದೆ ಕಿವಿಗೊಟ್ಟು ಕೇಳಿದ. ಪಕ್ಕದಲ್ಲಿ ಜಯದೇವಿ ಟೊಪ್ಪಿಗೆಯ ಮಾತನ್ನು ಅದೇ ವಾಕ್ಯದಲ್ಲಿ ಮುಂದುವರಿಸುತ್ತಿದ್ದಳು, ಹಾಗಾಗಿ ತಾನು ಇದ್ದಿರಬೇಕು.

ಬಂಕಿನ ಮೂಲೆಯಲ್ಲಿ ಮುನಿಶಾಮಿಯ ಬಿಳಿ ವ್ಯಾನು, ಅದರೊಳಗೆ ಕಂಪ್ಯೂಟರು, ಹೊರಗೆ ಸ್ಟೂಲು. "ಬಂದ್ರಾ ಸಾರ್, ಸ್ಟೌವು ರಿಪೇರಿ ಆಯ್ತಾ?" ಎಂದ ಮುನಿಶಾಮಿ. ಮುಂದಿನ ಸ್ಕೂಟರಿನ ಕೆಲಸ ಮುಗಿಸಿ, ಕೊಳವೆ ತಂದು ಫಿಯಟ್ಟಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು, "ಇಂಜಿನ್ ಆನ್‌ನಲ್ಲೇ ಇರ್ಲಿ ಸಾರ್, ರೇಸ್ ಮಾಡ್ಬೇಡಿ" ಎಂದು ಕೂಗಿದ. ಇಂಜಿನ್ ಮಗು ಮಲಗಿದಷ್ಟು ಸಮಾಧಾನವಾಗಿ ಓಡುತ್ತಿತ್ತು. ಪಾಸಾಗುತ್ತದೆ ಎಂದು ಶೇಖರಪ್ಪನಿಗೆ ಆ ಸದ್ದಿನಿಂದಲೇ ತಿಳಿಯಿತು. ಪಾಸಾದರೆ ಇವತ್ತೋ ನಾಳೆಯೋ ಮಗಳು ಹೊಟ್ಟೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಾಳೆ, ಇವನು ಕೆರೆಯ ಏರಿಯ ಮೇಲೆ ಗಾಡಿ ಓಡಿಸುತ್ತಾನೆ, ಬೇಲಿ ಹಿಂದಕ್ಕೆ ಓಡುತ್ತದೆ, ಆಮೇಲೆ ನಡುವೆ ಏನೂ ಇರುವುದಿಲ್ಲ. ಈ ಸಲ ಬಾನೆಟ್ ಬಡಿಯಲು ಎಳನೀರಿನವನು ಇರಲಿಕ್ಕಿಲ್ಲ. ಅವನ ಎಡಗೈ ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು. ಅಲ್ಲಿ ಚೋಕಿನ ಗುಬುಟು ಇತ್ತು. ಚಳಿಯ ಬೆಳಗಿನಲ್ಲಿ ಗಾಡಿ ಹಿಡಿಯದಿದ್ದಾಗ ಅದನ್ನು ಎಳೆಯಬೇಕು, ಎಳೆದರೆ ಇಂಜಿನ್ನು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲು ಕುಡಿಯುತ್ತದೆ, ಬಿಸಿಯಾದ ಮೇಲೂ ಹಾಗೇ ಬಿಟ್ಟರೆ ಹೊಗೆ ಕಾರುತ್ತದೆ. ಅವನು ಎಳೆದ. ಎಳೆದದ್ದು ತಾನಲ್ಲ, ಕೈ, ಎಂಬಂತೆ ಎದುರಿನ ಗಾಜಿನಾಚೆ ನೋಡುತ್ತ ಕೂತ. ಇಂಜಿನ್ ಒಂದು ಸಲ ಬಿಕ್ಕಳಿಸಿತು, ಗಾಡಿ ಮೈ ಅಲುಗಿಸಿತು. ಹಿಂದಿನಿಂದ ಮುನಿಶಾಮಿಯ ದನಿ ಬಂತು: "ಅಯ್ಯೋ! ಮೂರರೊಳ್ಗೆ ಇರ್ಬೇಕು ಸಾರ್, ಇದು ಏಳು ದಾಟ್ತಲ್ಲಾ. ಫೇಲು." ಶೇಖರಪ್ಪನ ಎದೆಯಿಂದ ಒಂದು ವಾರದ ಕಲ್ಲು ಇಳಿಯಿತು. ಕಣ್ಣಲ್ಲಿ ನೀರೇ ಬಂತು. ದೇವರು ಗಂಡಸರ ಮಾತನ್ನೂ ಕೇಳುತ್ತಾನೆ ಎಂದುಕೊಂಡ.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಜಯದೇವಿ ಮೂಗು ಅರಳಿಸಿ ಪೆಟ್ರೋಲಿನ ವಾಸನೆ ಹಿಡಿದಳು, ಕಿವಿಯಿಟ್ಟು ಇಂಜಿನ್ನಿನ ಬಿಕ್ಕಳಿಕೆ ಕೇಳಿದಳು, ತಲೆ ಬಗ್ಗಿಸಿ ಡ್ಯಾಶ್‌ಬೋರ್ಡಿನ ಕೆಳಗೆ ನೋಡಿದಳು. ಒಂದು ದಿನವೂ ಸ್ಟಿಯರಿಂಗು ಮುಟ್ಟಿದವಳಲ್ಲ; ಆದರೆ ಈ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಮಗಳ ಸ್ಕೂಲು, ಮದುವೆಮನೆ, ಊರು, ಗುಡಿ ಎಲ್ಲ ಸುತ್ತಿದವಳು. ಚಳಿಗಾಲದಲ್ಲಿ ಗಂಡ ಕೀಲಿ ತಿರುಗಿಸುವಾಗ ಚೋಕು ಎಳೆಯುವುದು, ಗಾಡಿ ಬಿಸಿಯಾದೊಡನೆ ಒಳಕ್ಕೆ ತಳ್ಳುವುದು ಅವಳದೇ ಕೆಲಸವಾಗಿತ್ತು. "ಏನ್ರೀ ಇದು, ಚೋಕ್ ಹಂಗ ಬಿಟ್ಟೀರಲ್ಲ!" ಎಂದು ಗುಬುಟನ್ನು ಅಂಗೈಯಿಂದ ಒಳಕ್ಕೆ ಒತ್ತಿದಳು. "ಇವರಿಗೆ ಮಗಳ ಚಿಂತಿಯೊಳಗ ಕೈ ಎಲ್ಲೈತಿ ಕಾಲ್ ಎಲ್ಲೈತಿ ಗೊತ್ತಿಲ್ರೀ. ಇನ್ನೊಮ್ಮೆ ಹಚ್ಚಿ ನೋಡ್ರಿ" ಎಂದು ಹಿಂದಕ್ಕೆ ಕೂಗಿದಳು. ಇಂಜಿನ್ ಬಿಕ್ಕಳಿಸಿ, ಸುಧಾರಿಸಿಕೊಂಡು, ಮತ್ತೆ ಬೆಕ್ಕಾಯಿತು. ಮುನಿಶಾಮಿ ಸ್ವಲ್ಪ ಹೊತ್ತು ಬಿಟ್ಟು ಎದ್ದು ನಿಂತ. "ಒಂದೂವರೆ! ಸೂಪರ್ ಪಾಸು ಸಾರ್. ಮುಂದಿನ್ ಸಲದಿಂದ ಮೇಡಂನೇ ಡ್ರೈವಿಂಗ್‌ಗೆ ಕೂರ್ಸಿ." ಪೆಟ್ರೋಲು ಹಾಕಿಸಲು ನಿಂತಿದ್ದ ಇಬ್ಬರು ನಕ್ಕರು. ಜಯದೇವಿಯೂ ಸೆರಗು ಬಾಯಿಗಿಟ್ಟು ನಕ್ಕಳು. ಮುನಿಶಾಮಿ ನಂಬರ್ ಪ್ಲೇಟಿನ ಫೋಟೋ ಹಿಡಿದು, ಚೀಟಿ ಮುದ್ರಿಸಿ, ಅದನ್ನು ನೇರ ಅವಳ ಕೈಗೇ ಕೊಟ್ಟ. ಶೇಖರಪ್ಪ ನಗಲು ನೋಡಿದ. ತುಟಿ ಎಳೆದುಕೊಂಡಿತು, ಅಷ್ಟೆ.

ಮನೆಯ ಮುಂದೆ ಗಾಡಿ ನಿಂತಾಗ ಬಿಸಿಲು ಚುರುಗುಟ್ಟುತ್ತಿತ್ತು. ದಾರಿ ಹೇಗೆ ಸವೆಯಿತೆಂದು ಅವನಿಗೆ ನೆನಪಿರಲಿಲ್ಲ, ಮತ್ತು ನೆನಪಿಲ್ಲದಿರುವುದೇ ಮತ್ತೊಂದು ಹೆದರಿಕೆಯಾಗಿ ಹೊಟ್ಟೆಯಲ್ಲಿ ಕೂತಿತು. ಜಯದೇವಿ ಇಳಿದವಳೇ ಒಳಗೆ ಹೋಗಿ ನಿಂಬೆಹಣ್ಣು ತಂದಳು, ಚಕ್ರದ ಕೆಳಗಿಡಲು. ಮೆಟ್ಟಿಲ ಮೇಲೆ ಯಂಕಮ್ಮ, ಅವಳ ಹಿಂದೆ ಬಾಗಿಲ ಚೌಕಟ್ಟು ಹಿಡಿದು ಶಿವಾನಿ. "ಪಾಸಾತವಾ ನಿನ್ ಗಾಡಿ!" ಎಂದು ಜಯದೇವಿ ಚೀಟಿ ಬೀಸಿದಳು. "ಇನ್ನ ಯಾವಾಗ ಹೊಟ್ಟಿ ನೋಯಿಸ್ತೀಯೋ ನೋಯಿಸ್ಕೋ, ನಿಮ್ಮಪ್ಪ ತಯಾರ್ ಅದಾರ." ಶಿವಾನಿ ಚೀಟಿಯನ್ನು ನೋಡಲಿಲ್ಲ. ಕಾರನ್ನು ನೋಡಿದಳು. ಆಮೇಲೆ ಕಾಲ ಕೆಳಗಿನ ರಂಗೋಲಿ ನೋಡುತ್ತ, "ಅಮ್ಮಾ, ನಾನು ಇದ್ರಲ್ಲಿ ಹೋಗಲ್ಲಮ್ಮ. ಟ್ಯಾಕ್ಸಿಗೇ ಹೇಳ್ಬಿಡು" ಎಂದಳು.

"ಯಾಕ?"

"ಹೊಗೆ ವಾಸನೆ ಬರುತ್ತೆ. ಹೊಟ್ಟೆ ತೊಳ್ಸುತ್ತೆ ನಂಗೆ."

ಜಯದೇವಿ ಸಿಡಿದಳು. "ಹೊಗಿ? ಈಗರ ಸರ್ಕಾರದವರು ಹೊಗಿ ಇಲ್ಲಂತ ಚೀಟಿ ಕೊಟ್ಟಾರ, ನಿನಗ ವಾಸನಿ ಬರ್ತೈತಿ? ಹುಟ್ಟಿದಾಗಿಂದ ಇದರಾಗ ಬೆಳದಾಕಿ ನೀನು. ನಿಮ್ಮಪ್ಪ ಒಂದ್ ವಾರದಿಂದ ಕಣ್ಣಿಗೆ ಕಣ್ ಹಚ್ಚಿಲ್ಲ ನಿನ್ ಸಲುವಾಗಿ. ಅತ್ತಿಮನಿಗೆ ಹೋಗಿ ದೊಡ್ಡಾಕಿ ಆದ್ಯೇನು? ಅಪ್ಪನ ಹಳೀ ಗಾಡಿ ಅಂದ್ರ ನಾಚಿಕಿ ಆಗ್ತೈತೇನು?" ಯಂಕಮ್ಮ, "ಬಸುರಿ ಹುಡ್ಗಿ, ಬಿಡ್ರಮ್ಮ" ಎಂದಳು. ಶಿವಾನಿ ತಲೆ ತಗ್ಗಿಸಿಯೇ ನಿಂತಿದ್ದಳು. ಮೂಗಿನ ತುದಿ ಕೆಂಪಾಯಿತು, ಒಂದು ಹನಿ ಹೊಟ್ಟೆಯ ಮೇಲಿನ ಬಟ್ಟೆಗೆ ಬಿತ್ತು. ಅಪ್ಪನ ಕಡೆ ಮಾತ್ರ ತಿರುಗಲಿಲ್ಲ. ಮನೆಗೆ ಬಂದಂದಿನಿಂದ ಅವಳು ತನ್ನ ಕಣ್ಣನ್ನು ನೇರವಾಗಿ ನೋಡಿಲ್ಲ ಎಂದು ಶೇಖರಪ್ಪನಿಗೆ ಈಗ ಹೊಳೆಯಿತು. ಚೌಕಟ್ಟು ಹಿಡಿದ ಅವಳ ಮಣಿಕಟ್ಟಿನಲ್ಲಿ, ಬಳೆಗಳ ಕೆಳಗೆ, ಒಣಗಿದ ಗಾಯದ ಸಣ್ಣ ಗೆರೆ ಇತ್ತು. ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು. ಅಪ್ಪ ಕನ್ನಡಿಯಲ್ಲಿ ನೋಡುವ ಮೊದಲು, ಅಪ್ಪನಿಗೆ ಅವಮಾನವಾಗದಿರಲೆಂದು, ಹೊಟ್ಟೆಯಲ್ಲಿ ಕೂಸನ್ನಿಟ್ಟುಕೊಂಡು, ರಕ್ತ ಬರುವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡಿದ್ದಳು.

ಅವನು ವಾರವೆಲ್ಲ ಬೇಡಿಕೊಂಡದ್ದು ಈಗ ಅಂಗಳದಲ್ಲೇ ಬಂದು ನಿಂತಿತ್ತು. ಹೋಗಲಿ ಬಿಡು ಜಯಾ, ಬಸುರಿಯ ಬಯಕೆ, ಟ್ಯಾಕ್ಸಿಗೆ ಹೇಳೋಣ, ಎಂದರೆ ಸಾಕಿತ್ತು. ಮಗಳು ಸುಳ್ಳನ್ನು ಹದ ಮಾಡಿ ಕೈಗಿಟ್ಟಿದ್ದಳು, ಇವನು ಹೂಂ ಎನ್ನುವುದೊಂದೇ ಬಾಕಿ. ಬಾಯಿ ಆ ಮಾತಿಗೇ ತೆರೆಯಿತು. ಜಯದೇವಿ ಇನ್ನೂ ಬೈಯುತ್ತಿದ್ದಳು, ಎಷ್ಟು ಓದಿಸಿದರೇನು ಹೆತ್ತವರ ಮರ್ಯಾದೆ ತಿಳಿಯಲಿಲ್ಲ ಎನ್ನುತ್ತಿದ್ದಳು. ಅವಳ ಆ ಸಿಟ್ಟಿನ, ಏನೂ ಗೊತ್ತಿಲ್ಲದ ಮುಖದ ಹಿಂದೆ ಮೇಜಿನ ಅಂಚು ಹಿಡಿದು ನಿಂತ ಆ ಇನ್ನೊಬ್ಬಳು ಕಂಡಳು. ನಂಗೂ ಹೇಳಿರ್ಲಿಲ್ಲ ಸಾರ್. ಶೇಖರಪ್ಪ ಕಾರಿನ ಬಾಗಿಲು ಹಿಡಿದುಕೊಂಡ.

"ಆಕಿಗೆ ಬೈಬ್ಯಾಡ ಜಯಾ," ಎಂದ. ದನಿ ತನ್ನದಲ್ಲದಂತೆ ಕೇಳಿತು. "ಹೊಗಿ ವಾಸನಿ ಇಲ್ಲ. ಕುಬಸದ ದಿನಾ ಕೆರಿ ಹತ್ರ ನನಗ ಎಚ್ಚರ ತಪ್ಪಿತ್ತು. ಗಾಡಿ ಫುಟ್‌ಪಾತ್ ಹತ್ತಿತ್ತು. ಇಕಿ ಹಿಂದ ಕೂತಿದ್ಲು. ಚೋಕ್... ಚೋಕ್ ನಾನು ಮರ್ತಿದ್ದಲ್ಲ, ಬೇಕಂತ ಎಳ್ದಿದ್ದೆ."

ಜಯದೇವಿಯ ಬಾಯಿ ಅರ್ಧಕ್ಕೆ ನಿಂತಿತು. ನಿಂಬೆಹಣ್ಣು ಕೈಯಲ್ಲೇ ಇತ್ತು. ಅವಳು ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಎಲ್ಲಿ ಪೆಟ್ಟಾಗಿದೆ ಎಂದು ಹುಡುಕುವವಳ ಹಾಗೆ. ಅವಳ ಮುಖದ ಬಣ್ಣ ಇಳಿಯುವುದನ್ನು ಅವನು ಕಂಡ. ಇಷ್ಟು ದಿನ ತನ್ನೊಬ್ಬನ ಹೊಟ್ಟೆಯಲ್ಲಿದ್ದ ಹೆದರಿಕೆ ಅವಳ ಕಣ್ಣಿಗೆ ಬಂದು ಕೂತಿತ್ತು. ಬಹಳ ಮೆಲ್ಲಗೆ, ಬೀದಿಗೆ ಕೇಳಿಸದ ಹಾಗೆ, "ಗುರುಪಾದ ಕಾಕಾನ ಹಂಗ ಏನ್ರೀ?" ಎಂದಳು. ಕಾಕಾನ ವಿಷಯ ಅವಳ ಹತ್ತಿರ ಅವನು ಎಂದೂ ಎತ್ತಿರಲಿಲ್ಲ. ಇಷ್ಟು ವರ್ಷ ಅವಳಿಗೂ ಗೊತ್ತಿತ್ತು, ಅವಳೂ ಕೇಳಿರಲಿಲ್ಲ.

"ಗೊತ್ತಿಲ್ಲ," ಎಂದ. "ಡಾಕ್ಟರ್ ಹತ್ರ ಹೋಗಿದ್ದೆ. ಒಳಗ ಹೋಗ್ಲಿಲ್ಲ, ಹೆದರಿಕಿ ಆತು."

ಬಿಸಿ ಇಂಜಿನ್ನು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಶಿವಾನಿ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ಗೋಡೆ ಹಿಡಿದು, ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದಳು. ಯಂಕಮ್ಮ ಹಿಡಿದುಕೊಳ್ಳಲು ಬಂದಾಗ ಬೇಡವೆಂದು ತಲೆಯಾಡಿಸಿದಳು. ಅಪ್ಪನ ಎದುರು ನಿಂತು ಅವನ ಬಲಗೈಯನ್ನು ಎತ್ತಿಕೊಂಡಳು. ಅದರಲ್ಲಿ ಗಾಡಿಯ ಕೀಲಿ ಇತ್ತು. ಬೆರಳು ಬಿಳಿಚಿಕೊಳ್ಳುವಷ್ಟು ಗಟ್ಟಿಯಾಗಿ ಮುಷ್ಟಿ ಕಟ್ಟಿದ್ದು ಅವನಿಗೇ ಗೊತ್ತಿರಲಿಲ್ಲ. ಬಿಡಬೇಕೆಂದುಕೊಂಡರೂ ಬೆರಳು ಮಾತು ಕೇಳಲಿಲ್ಲ. ಕಾಕಾನ ಮುಷ್ಟಿಗೆ ಕೀಲಿ ತುರುಕುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಅದನ್ನು ಯಾರಾದರೂ ಬಿಡಿಸಿಕೊಂಡದ್ದನ್ನು ನೋಡಿರಲಿಲ್ಲ. ಶಿವಾನಿ ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸಿದಳು, ಕೀಲಿ ತೆಗೆದುಕೊಂಡು ಅಮ್ಮನ ಕೈಗೆ ಕೊಟ್ಟಳು, ಮೊದಲ ಸಲ ಅವನ ಕಣ್ಣನ್ನು ನೇರವಾಗಿ ನೋಡಿದಳು. ಆ ಕಣ್ಣಿನಲ್ಲೂ ಹೆದರಿಕೆಯೇ ಇತ್ತು.

"ಒಳಗ್ ಬಾಪ್ಪ," ಎಂದಳು. "ಬಿಸ್ಲಿದೆ."